ಮೂರು ಚಿತ್ರ, ಮೂರು ಪಂದ್ಯ, ಒಂದು ಕೂಡುರಸ್ತೆ

ಜೇಮ್ಸ್ ಡೀನ್ ಪ್ರಮುಖ ಪಾತ್ರ ವಹಿಸಿದ್ದು ಮೂರೇ ಚಲನಚಿತ್ರಗಳಲ್ಲಿ. ಅವುಗಳ ಪೈಕಿ ಅವನು ಬದುಕಿದ್ದಾಗ ತೆರೆ ಕಂಡದ್ದು ಒಂದೇ. ಹಾಲಿವುಡ್ಡಿನ ಚರಿತ್ರೆಯನ್ನು ಅಲ್ಪಸ್ವಲ್ಪ ಬಲ್ಲವರಿಗೂ ಇದು ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಲೆಕ್ಕವಿದೆ. ಅವನು ಕಾರು ಪಂದ್ಯಗಳಲ್ಲಿ ಪಾಲ್ಗೊಂಡದ್ದೂ ಮೂರೇ ವಾರಾಂತ್ಯಗಳಲ್ಲಿ. 1955ರ ಮಾರ್ಚ್ ಕೊನೆಗೆ ಮೊದಲನೆಯದು ನಡೆಯಿತು; ಮೇ ಮುಗಿಯುವುದರೊಳಗೆ ಮೂರೂ ಮುಗಿದಿದ್ದವು. ನಾಲ್ಕನೆಯ ಪಂದ್ಯಕ್ಕೆ ಹೊರಟವನು ಸೆಪ್ಟೆಂಬರ್ 30ರ ಸಂಜೆ ದಾರಿಯಲ್ಲೇ ತೀರಿಕೊಂಡ. ಆಗ ಅವನಿಗೆ 24 ವರ್ಷ.

ಈ ಸಾವನ್ನು ವೇಗದ ಹುಚ್ಚಿಗೆ ಸಂದ ಬೆಲೆ ಎಂದು ಬಣ್ಣಿಸುವುದು ರೂಢಿ. ಯೌವನ, ಬಂಡಾಯ, ವೇಗ, ಮರಣ ಎಂಬ ನಾಲ್ಕು ಪದಗಳನ್ನು ಒಂದೇ ದಾರದಲ್ಲಿ ಪೋಣಿಸಿ ಅವನ ಕೊರಳಿಗೆ ಹಾಕಿ ಏಳು ದಶಕಗಳಾದವು. ಆದರೆ ಆ ಬದುಕಿನ ಕೊನೆಯ ಏಳು ತಿಂಗಳನ್ನು ಒಬ್ಬ ಹವ್ಯಾಸಿ ಚಾಲಕನ ದಿನಚರಿಯಾಗಿ ಓದಿದರೆ ಬೇರೆಯದೇ ಚಿತ್ರ ಮೂಡುತ್ತದೆ. ವೇಗಕ್ಕೆಂದೇ ಮೀಸಲಾದ ಜಾಗದಲ್ಲಿ ಡೀನ್‌ಗೆ ಏನೂ ಆಗಲಿಲ್ಲ. ಅನಾಹುತ ನಡೆದದ್ದು ಎಲ್ಲರಿಗೂ ಸೇರಿದ ಹೆದ್ದಾರಿಯಲ್ಲಿ. ಈ ವ್ಯತ್ಯಾಸ ಸಣ್ಣದಲ್ಲ.

ಡೀನ್ ಹುಟ್ಟಿದ್ದು 1931ರ ಫೆಬ್ರುವರಿ 8ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಮೇರಿಯನ್ ಪಟ್ಟಣದಲ್ಲಿ. ತಂದೆ ವಿಂಟನ್ ಹಲ್ಲಿನ ಕಟ್ಟುಗಳನ್ನು ತಯಾರಿಸುವ ತಂತ್ರಜ್ಞ. ಸಂಸಾರ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾಕ್ಕೆ ವಲಸೆ ಹೋಯಿತು. ಮಗನನ್ನು ಬಹುವಾಗಿ ಹಚ್ಚಿಕೊಂಡಿದ್ದ ತಾಯಿ ಮಿಲ್ಡ್ರೆಡ್ 1940ರಲ್ಲಿ ಕ್ಯಾನ್ಸರಿಗೆ ತುತ್ತಾದಳು. ಒಂಬತ್ತು ವರ್ಷದ ಹುಡುಗ ತಾಯಿಯ ಶವಪೆಟ್ಟಿಗೆಯಿದ್ದ ರೈಲಿನಲ್ಲೇ ಅಜ್ಜಿಯ ಜೊತೆ ಇಂಡಿಯಾನಾಕ್ಕೆ ಮರಳಿದ. ತಂದೆ ಕ್ಯಾಲಿಫೋರ್ನಿಯಾದಲ್ಲೇ ಉಳಿದ. ಅಲ್ಲಿಂದ ಮುಂದೆ ಫೇರ್‌ಮೌಂಟ್ ಎಂಬ ಸಣ್ಣ ಊರಿನ ಹೊರವಲಯದ ಹೊಲಮನೆಯಲ್ಲಿ ಸೋದರತ್ತೆ ಆರ್ಟೆನ್ಸ್ ಮತ್ತು ಅವಳ ಗಂಡ ಮಾರ್ಕಸ್ ವಿನ್ಸ್‌ಲೋ ಅವನನ್ನು ಸಾಕಿದರು. ಕ್ವೇಕರ್ ಪಂಥದ ಸರಳ ಸಂಸಾರ ಅದು.

ಅಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಬಾಲಕ ಬ್ಯಾಸ್ಕೆಟ್‌ಬಾಲ್ ಆಡಿದ, ಶಾಲೆಯ ನಾಟಕಗಳಲ್ಲಿ ಪಾತ್ರ ಮಾಡಿದ, ಹೊಲದ ಕೆಲಸ ಕಲಿತ. ಹದಿಹರೆಯದಲ್ಲಿ ಕೈಗೆ ಬಂದ ಜೆಕ್ ತಯಾರಿಕೆಯ 125 ಸಿ.ಸಿ. ಮೋಟಾರ್ ಸೈಕಲ್ ಅವನಿಗೆ ಮೊದಲ ಬಾರಿಗೆ ವೇಗದ ರುಚಿ ಹತ್ತಿಸಿತು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿಯೇ ಓಡಿಸುತ್ತಿದ್ದ ಅವನಿಗೆ ಊರಿನ ಮೋಟಾರ್ ಸೈಕಲ್ ಅಂಗಡಿಯವರು ಒಂದೇ ವೇಗದ ಹುಡುಗ ಎಂಬರ್ಥದ ಅಡ್ಡಹೆಸರು ಇಟ್ಟಿದ್ದರಂತೆ. ಪ್ರಸಿದ್ಧವಾದ 500 ಮೈಲಿ ಕಾರು ಪಂದ್ಯ ನಡೆಯುವ ಇಂಡಿಯಾನಾಪೊಲಿಸ್ ಅದೇ ರಾಜ್ಯದ ರಾಜಧಾನಿ. ಆ ಪಂದ್ಯದ ಸದ್ದು ಕೇಳಿ ಬೆಳೆಯದ ಮಕ್ಕಳು ಇಂಡಿಯಾನಾದಲ್ಲಿ ಕಡಿಮೆ.

1949ರಲ್ಲಿ ಹೈಸ್ಕೂಲು ಮುಗಿಸಿದ ಡೀನ್ ಕ್ಯಾಲಿಫೋರ್ನಿಯಾಕ್ಕೆ ಮರಳಿ ಕಾಲೇಜು ಸೇರಿದ. ಓದನ್ನು ಅರ್ಧಕ್ಕೆ ಬಿಟ್ಟ. 1951ರಲ್ಲಿ ನ್ಯೂಯಾರ್ಕಿಗೆ ಹೋಗಿ, ಟೆಲಿವಿಷನ್ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಾ ಲೀ ಸ್ಟ್ರಾಸ್‌ಬರ್ಗ್ ಅವರ ಆಕ್ಟರ್ಸ್ ಸ್ಟುಡಿಯೋಗೆ ಪ್ರವೇಶ ಪಡೆದ. 1954ರಲ್ಲಿ ನಿರ್ದೇಶಕ ಎಲಿಯಾ ಕಜಾನ್ ತಮ್ಮ ‘ಈಸ್ಟ್ ಆಫ್ ಈಡನ್’ ಚಿತ್ರಕ್ಕೆ ಅವನನ್ನು ಆರಿಸಿದರು. ಜಾನ್ ಸ್ಟೈನ್‌ಬೆಕ್ ಅವರ ಆ ಕಾದಂಬರಿ ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯ ಕಥೆ. ಸಲೀನಾಸ್ ಎಂಬ ಹೆಸರು ಈ ಬರಹದಲ್ಲಿ ಇನ್ನೊಮ್ಮೆ ಬರಲಿದೆ.

ಸಿನಿಮಾದಿಂದ ಕೈಗೆ ಹಣ ಬಂದೊಡನೆ ಡೀನ್ ಒಂದು ಕೆಂಪು ಎಂ.ಜಿ. ಕಾರು ಕೊಂಡ. ಇದನ್ನು ತಾರೆಯೊಬ್ಬನ ಷೋಕಿ ಎಂದಷ್ಟೇ ನೋಡಿದರೆ ಆ ಕಾಲದ ಕ್ಯಾಲಿಫೋರ್ನಿಯಾ ಅರ್ಥವಾಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಯೋಧರು ಅಲ್ಲಿನ ಪುಟ್ಟ ಸ್ಪೋರ್ಟ್ಸ್ ಕಾರುಗಳಿಗೆ ಮನಸೋತು ಮರಳಿದ್ದರು. ಡೆಟ್ರಾಯಿಟ್‌ನ ಕಾರ್ಖಾನೆಗಳು ಆಗ ತಯಾರಿಸುತ್ತಿದ್ದದ್ದು ಸೋಫಾದಂಥ ಆಸನಗಳ ಭಾರೀ ಕಾರುಗಳನ್ನು. ಇಬ್ಬರೇ ಕೂರಬಹುದಾದ, ತಿರುವಿನಲ್ಲಿ ಸ್ಟಿಯರಿಂಗಿನ ಮಾತು ಕೇಳುವ ಹಗುರ ಕಾರು ಒಂದು ಹೊಸ ಹವ್ಯಾಸವನ್ನೇ ಹುಟ್ಟುಹಾಕಿತು. ವಾರವಿಡೀ ಕಚೇರಿಗೆ ಓಡಿಸಿದ ಕಾರನ್ನೇ ಶನಿವಾರ ಪಂದ್ಯಕ್ಕೆ ಒಯ್ಯುವುದು, ದೀಪಗಳ ಗಾಜಿಗೆ ಟೇಪು ಹಚ್ಚುವುದು, ಬಾಗಿಲಿಗೆ ಸಂಖ್ಯೆ ಅಂಟಿಸುವುದು, ಭಾನುವಾರ ಸಂಜೆ ಎಲ್ಲವನ್ನೂ ಕಿತ್ತು ಅದರಲ್ಲೇ ಮನೆಗೆ ಮರಳುವುದು ಇದರ ಕ್ರಮ. ವೈದ್ಯರು, ವಕೀಲರು, ಗ್ಯಾರೇಜಿನವರು, ನಟರು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಹವ್ಯಾಸಿತನವನ್ನು ವ್ರತದಂತೆ ಪಾಲಿಸುತ್ತಿತ್ತು. ಗೆದ್ದವನಿಗೆ ಸಿಗುತ್ತಿದ್ದದ್ದು ಬೆಳ್ಳಿಯ ಬಟ್ಟಲು. ನಗದು ಬಹುಮಾನ ಇರಲಿಲ್ಲ.

ಓಡಿಸುವುದೆಲ್ಲಿ ಎಂಬುದೇ ಆರಂಭದ ವರ್ಷಗಳ ದೊಡ್ಡ ಪ್ರಶ್ನೆಯಾಗಿತ್ತು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಗ್ರಾಮದಲ್ಲಿ ಊರ ಬೀದಿಗಳನ್ನೇ ಮುಚ್ಚಿ ಪಂದ್ಯ ನಡೆಸಿದರು. 1952ರಲ್ಲಿ ಅಲ್ಲಿ ಕಾರೊಂದು ಬದಿಗೆ ನಿಂತಿದ್ದ ಜನರಿಗೆ ತಾಗಿ ಒಂದು ಮಗು ಸತ್ತಿತು. ಬೀದಿ ಪಂದ್ಯದ ಕಾಲ ಮುಗಿಯಿತೆಂಬುದಕ್ಕೆ ಅದು ಸೂಚನೆ. ಪರಿಹಾರ ಒದಗಿಸಿದ್ದು ಯುದ್ಧ ಬಿಟ್ಟುಹೋದ ವಿಮಾನ ನೆಲೆಗಳು. ವಿಶಾಲವಾದ ಕಾಂಕ್ರೀಟ್ ಓಡುದಾರಿ, ಸುತ್ತ ಬಯಲು, ಅಡ್ಡ ಬರಲು ಮರವಿಲ್ಲ, ಮನೆಯಿಲ್ಲ. ಒಣಹುಲ್ಲಿನ ಪಿಂಡಿಗಳನ್ನೂ ಪೀಪಾಯಿಗಳನ್ನೂ ಇಟ್ಟರೆ ಟ್ರ್ಯಾಕ್ ಸಿದ್ಧ. ಡೀನ್ ಸ್ಪರ್ಧಿಸಿದ ಪಾಮ್ ಸ್ಪ್ರಿಂಗ್ಸ್, ಬೇಕರ್ಸ್‌ಫೀಲ್ಡ್ ಬಳಿಯ ಮಿಂಟರ್ ಫೀಲ್ಡ್, ಸಾಂಟಾ ಬಾರ್ಬರಾ, ಕೊನೆಗೆ ತಲುಪಲಾಗದ ಸಲೀನಾಸ್ ನಾಲ್ಕೂ ಯುದ್ಧಕಾಲದಲ್ಲಿ ಸೇನೆ ಬಳಸಿದ್ದ ವಿಮಾನ ನೆಲೆಗಳು.

ಇಂಥ ಟ್ರ್ಯಾಕಿನ ನಿಯಮಗಳು ಸರಳವಾಗಿದ್ದರೂ ಅವುಗಳ ಹಿಂದೆ ಆಳವಾದ ವಿವೇಕವಿತ್ತು. ಎಲ್ಲ ಕಾರುಗಳೂ ಒಂದೇ ದಿಕ್ಕಿನಲ್ಲಿ ಓಡಬೇಕು. ಓಟಕ್ಕೆ ಮುಂಚೆ ಬ್ರೇಕು, ಟೈರು, ಸ್ಟಿಯರಿಂಗುಗಳ ತಪಾಸಣೆ ಆಗಬೇಕು. ಹೆಲ್ಮೆಟ್ ಕಡ್ಡಾಯ. ತಿರುವು ತಿರುವಿನಲ್ಲೂ ಬಾವುಟ ಹಿಡಿದವರು ನಿಂತು ಮುಂದಿನ ಅಪಾಯವನ್ನು ತಿಳಿಸಬೇಕು. ಹೊಸಬರು ಮೊದಲು ಹೊಸಬರ ಓಟದಲ್ಲೇ ಅರ್ಹತೆ ತೋರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಅಲಿಖಿತ ಕರಾರು: ಒಳಗಿರುವ ಪ್ರತಿಯೊಬ್ಬನಿಗೂ ಅಪಾಯದ ಅರಿವಿದೆ ಮತ್ತು ಪ್ರತಿಯೊಬ್ಬನೂ ಅದಕ್ಕೆ ಒಪ್ಪಿಯೇ ಬಂದಿದ್ದಾನೆ.

1955ರ ಆರಂಭದಲ್ಲಿ ಡೀನ್ ಎಂ.ಜಿ. ಬಿಟ್ಟು ಪೋರ್ಷೆ 356 ಸ್ಪೀಡ್‌ಸ್ಟರ್ ಕೊಂಡ. ಪೋರ್ಷೆ ಕಾರುಗಳನ್ನು ಅಮೆರಿಕಕ್ಕೆ ಆಮದು ಮಾಡುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಅವರ ಒತ್ತಾಸೆಯಿಂದ ತಯಾರಾದ ಮಾದರಿ ಅದು. ಸೌಕರ್ಯಗಳನ್ನೆಲ್ಲ ಕಳಚಿ ಬೆಲೆ ಇಳಿಸಿದ್ದರು. ಮುಂದಿನ ಗಿಡ್ಡ ಗಾಜನ್ನು ಬಿಚ್ಚಿಡಬಹುದಾಗಿತ್ತು. ವಾರಾಂತ್ಯದ ಸ್ಪರ್ಧಿಗಾಗಿಯೇ ಹೊಲಿದ ಅಂಗಿಯಂತಿತ್ತು ಆ ಕಾರು. ಆದರೆ ಅದು ಪಳಗದವನಿಗೆ ಒಲಿಯುವಂಥದ್ದಲ್ಲ. ಎಂಜಿನ್ ಹಿಂಬದಿಯ ಗಾಲಿಗಳಿಗಿಂತಲೂ ಹಿಂದಿದೆ. ತಿರುವಿನ ನಡುವೆ ಭಯಪಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಜರುಗಿ ಹಿಂಬದಿ ಹೊರಗೆ ಬೀಸುತ್ತದೆ. ತಿರುವಿಗೆ ಮುಂಚೆಯೇ ನೇರ ದಾರಿಯಲ್ಲಿ ಬ್ರೇಕು ಹಿಡಿದು ಮುಗಿಸಬೇಕು. ಒಳಹೊಕ್ಕ ಮೇಲೆ ಕಾಲು ನಡುಗಬಾರದು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ತಪ್ಪು ಮಾಡಿದರೆ ಹುಲ್ಲಿನ ಪಿಂಡಿಗೆ ತಾಗಿ ನಿಲ್ಲುವಂಥ ಜಾಗದಲ್ಲಿ ಮಾತ್ರ ಇದನ್ನು ಕಲಿಯಲು ಸಾಧ್ಯ.

ಮಾರ್ಚ್ 26ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ ಡೀನ್ ಹೊಸಬರ ಓಟವನ್ನು ಗೆದ್ದ. ಮರುದಿನದ ಮುಖ್ಯ ಓಟದಲ್ಲಿ ಅನುಭವಿಗಳ ನಡುವೆ ಮೂರನೆಯವನಾಗಿ ಬಂದ. ಮುಂದಿದ್ದ ಕೆನ್ ಮೈಲ್ಸ್ ತಾಂತ್ರಿಕ ಕಾರಣದಿಂದ ಅನರ್ಹರಾದಾಗ ಎರಡನೆಯ ಸ್ಥಾನ ಡೀನ್‌ಗೆ ಸಂದಿತು. 1966ರ ಲ ಮಾನ್ ಪಂದ್ಯದಲ್ಲಿ ಫೋರ್ಡ್ ಕಾರು ಓಡಿಸಿ ಹೆಸರಾದ, ಇತ್ತೀಚೆಗೆ ಹಾಲಿವುಡ್ ಚಿತ್ರವೊಂದರ ನಾಯಕರಾಗಿ ಹೊಸ ಪೀಳಿಗೆಗೆ ಪರಿಚಿತರಾದ ಕೆನ್ ಮೈಲ್ಸ್ ಇವರೇ. ಇಂಥವರಿದ್ದ ಓಟದಲ್ಲಿ ಮೊದಲ ಬಾರಿಗೆ ಇಳಿದವನೊಬ್ಬ ಮೂರನೆಯವನಾಗಿ ಬರುವುದು ಸಾಮಾನ್ಯ ಸಂಗತಿಯಲ್ಲ. ಮೇ ಮೊದಲ ವಾರಾಂತ್ಯದಲ್ಲಿ ಮಿಂಟರ್ ಫೀಲ್ಡ್‌ನಲ್ಲಿ ತನ್ನ ವರ್ಗದಲ್ಲಿ ಮೊದಲಿಗನಾದ, ಒಟ್ಟಾರೆ ಮೂರನೆಯವ. ಮೇ 30ರಂದು ಸಾಂಟಾ ಬಾರ್ಬರಾದಲ್ಲಿ 18ನೆಯವನಾಗಿ ಹೊರಟು ನಾಲ್ಕನೆಯ ಸ್ಥಾನದವರೆಗೆ ಏರಿದ. ಅಷ್ಟರಲ್ಲಿ ಎಂಜಿನ್ನಿನ ಮಿತಿ ಮೀರಿ ಹಿಂಡಿದ್ದರಿಂದ ಪಿಸ್ಟನ್ ಕೈಕೊಟ್ಟಿತು. ಮೊದಲೆರಡು ಪಂದ್ಯಗಳು ಅವನ ಶಕ್ತಿಯನ್ನು ತೋರಿಸಿದರೆ ಮೂರನೆಯದು ಅವನ ಅವಸರವನ್ನು ತೋರಿಸಿತು. ಅಂದಿನ ಅವಸರಕ್ಕೆ ತೆತ್ತ ದಂಡ ಒಂದು ಪಿಸ್ಟನ್ ಮಾತ್ರ. ಟ್ರ್ಯಾಕ್ ಎಂಬುದು ಪಾಠ ಕಲಿಸುವ ರೀತಿ ಇದು.

ಮೂರು ವಾರಾಂತ್ಯಗಳ ಲೆಕ್ಕ ಹಿಡಿದು ಅವನು ಮಹಾನ್ ಚಾಲಕನಾಗುತ್ತಿದ್ದ ಎಂದು ಷರಾ ಬರೆಯುವುದು ಅಭಿಮಾನದ ಅತಿರೇಕ. ಕೈಯಲ್ಲಿ ಕಸುವಿತ್ತು, ಹಸಿವಿತ್ತು, ಅನುಭವ ಕಡಿಮೆಯಿತ್ತು ಎನ್ನಬಹುದು. ಆದರೆ ಇದು ಅವನಿಗೆ ತೋರಿಕೆಯ ವ್ಯಸನವಾಗಿರಲಿಲ್ಲ ಎಂಬುದು ಸ್ಪಷ್ಟ. ಸ್ಟುಡಿಯೋದ ಬದುಕಿನಲ್ಲಿ ಯಾವ ದೃಶ್ಯ ಉಳಿಯಬೇಕು, ಯಾವುದು ಕತ್ತರಿಗೆ ಬೀಳಬೇಕು ಎಂಬುದನ್ನು ಬೇರೆಯವರು ನಿರ್ಧರಿಸುತ್ತಾರೆ. ಗಡಿಯಾರ ಹಿಡಿದು ಅಳೆಯುವ ಟ್ರ್ಯಾಕಿನಲ್ಲಿ ಫಲಿತಾಂಶವನ್ನು ಯಾರೂ ತಿದ್ದಲಾರರು. ಪ್ರಚಾರ ವಿಭಾಗ ಸೃಷ್ಟಿಸುತ್ತಿದ್ದ ತನ್ನದೇ ಪ್ರತಿಮೆಯ ನಡುವೆ ಇಪ್ಪತ್ತನಾಲ್ಕರ ಯುವಕನೊಬ್ಬನಿಗೆ ಅಂಥ ಅಳತೆ ಬೇಕೆನಿಸಿದ್ದರೆ ಆಶ್ಚರ್ಯವಿಲ್ಲ.

‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರೀಕರಣ ಮುಗಿದು ‘ಜೈಂಟ್’ ಆರಂಭವಾದಾಗ ವಾರ್ನರ್ ಬ್ರದರ್ಸ್ ಸಂಸ್ಥೆ ಒಂದು ಷರತ್ತು ಹಾಕಿತು: ಕೆಲಸ ಮುಗಿಯುವವರೆಗೆ ಪಂದ್ಯಗಳಿಗೆ ಹೋಗಕೂಡದು. ಕೋಟ್ಯಂತರ ರೂಪಾಯಿ ತೊಡಗಿಸಿದವರ ಅಂಜಿಕೆ ಸಹಜವೇ. ಆ ಬೇಸಿಗೆಯಲ್ಲೇ, ಜೂನ್ 11ರಂದು, ಫ್ರಾನ್ಸಿನ ಲ ಮಾನ್‌ನಲ್ಲಿ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರ ಮೇಲೆ ಎರಗಿ 80ಕ್ಕೂ ಹೆಚ್ಚು ಮಂದಿ ಸತ್ತರು. ಮೋಟಾರ್ ಕ್ರೀಡೆಯೇ ಬೇಡ ಎಂಬ ಕೂಗು ಎರಡೂ ಖಂಡಗಳಲ್ಲಿ ಎದ್ದಿತು. ಡೀನ್ ಷರತ್ತನ್ನು ಪಾಲಿಸಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಪಂದ್ಯಕ್ಕೂ ಇಳಿಯಲಿಲ್ಲ.

‘ಜೈಂಟ್’ ಚಿತ್ರೀಕರಣದ ಕೊನೆಯ ದಿನಗಳಲ್ಲಿ, ಸೆಪ್ಟೆಂಬರ್ 17ರಂದು, ಅವನು ನಟ ಗಿಗ್ ಯಂಗ್ ಜೊತೆ ರಸ್ತೆ ಸುರಕ್ಷತೆಯ ಕುರಿತ ಒಂದು ಕಿರುಚಿತ್ರದಲ್ಲಿ ಕಾಣಿಸಿಕೊಂಡ. ಮೈಮೇಲೆ ಇನ್ನೂ ಪಾತ್ರದ ಕೌಬಾಯ್ ಉಡುಪು. ಹಿಂದೆ ತಾನೂ ಹೆದ್ದಾರಿಯಲ್ಲಿ ದುಡುಕುತ್ತಿದ್ದನೆಂದೂ, ಪಂದ್ಯಗಳಿಗೆ ಇಳಿದ ಮೇಲೆ ರಸ್ತೆಯಲ್ಲಿ ಹೆಚ್ಚು ಎಚ್ಚರ ವಹಿಸುತ್ತಿದ್ದಾನೆಂದೂ, ಎದುರಿನಿಂದ ಬರುವವರು ಯಾವಾಗ ಏನು ಮಾಡುವರೆಂದು ಅಲ್ಲಿ ತಿಳಿಯದೆಂದೂ ಅವನು ಹೇಳಿದ್ದರ ಸಾರಾಂಶ. ಈ ತುಣುಕನ್ನು ವಿಧಿಯ ವ್ಯಂಗ್ಯವೆಂದು ತೋರಿಸುವವರೇ ಹೆಚ್ಚು. ಆದರೆ ಅದರಲ್ಲಿರುವ ತಿಳಿವಳಿಕೆ ಪೂರ್ತಿ ಸರಿಯಾದದ್ದು. ಟ್ರ್ಯಾಕಿಗೂ ರಸ್ತೆಗೂ ಇರುವ ವ್ಯತ್ಯಾಸ ಡೀನ್‌ಗೆ ಗೊತ್ತಿತ್ತು. ಹದಿಮೂರು ದಿನಗಳ ನಂತರ ಆ ವ್ಯತ್ಯಾಸ ಅಳಿಸಿಹೋಗಲು ಕಾರಣವಾದದ್ದು ಒಂದು ಸಾಧಾರಣ ನಿರ್ಧಾರ.

‘ಜೈಂಟ್’ನಲ್ಲಿ ತನ್ನ ಕೆಲಸ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ 21ರಂದು, ಡೀನ್ ಸ್ಪೀಡ್‌ಸ್ಟರನ್ನು ಕೊಟ್ಟು ಪೋರ್ಷೆ 550 ಸ್ಪೈಡರ್ ಪಡೆದ. ಇದು ರಸ್ತೆಯ ಕಾರನ್ನು ಪಂದ್ಯಕ್ಕೆ ಒಗ್ಗಿಸಿದ್ದಲ್ಲ; ಪಂದ್ಯಕ್ಕೆಂದೇ ಕಟ್ಟಿದ ಯಂತ್ರ. ಸುಮಾರು 90 ಮಾತ್ರ ತಯಾರಾದವು. ತೂಕ ಆರುನೂರು ಕಿಲೋಗ್ರಾಂ ಒಳಗೆ, ಎಂಜಿನ್ 110 ಅಶ್ವಶಕ್ತಿಯದು, ವೇಗ ಗಂಟೆಗೆ 200 ಕಿಲೋಮೀಟರ್ ದಾಟಬಲ್ಲದು. ಮೇಲ್ಚಾವಣಿ ಇಲ್ಲ, ಬೂದುಬೆಳ್ಳಿಯ ಬಣ್ಣ, ಎತ್ತರ ಮನುಷ್ಯನ ಸೊಂಟದಷ್ಟು. ಬದಿಯಲ್ಲಿ 130 ಎಂಬ ಸಂಖ್ಯೆ ಬರೆಸಿದ. ಎರಡು ದಿನಗಳ ನಂತರ ಹಾಲಿವುಡ್ಡಿನ ಹೋಟೆಲೊಂದರ ಬಳಿ ಬ್ರಿಟಿಷ್ ನಟ ಅಲೆಕ್ ಗಿನ್ನೆಸ್‌ಗೆ ಕಾರನ್ನು ತೋರಿಸಿದನೆಂದೂ, ಅವರು ಅದರಲ್ಲಿ ಕೂರಬೇಡವೆಂದು ಎಚ್ಚರಿಸಿದರೆಂದೂ ಕಥೆಯಿದೆ. ಹಲವು ವರ್ಷಗಳ ತರುವಾಯ ಅದನ್ನು ಹೇಳಿದವರು ಗಿನ್ನೆಸ್ ಅವರೇ. ಭವಿಷ್ಯವಾಣಿಗಳು ಘಟನೆಯ ನಂತರ ಸ್ಪಷ್ಟವಾಗುವುದು ಲೋಕರೂಢಿ.

ಸಲೀನಾಸ್ ವಿಮಾನ ನೆಲೆಯ ಪಂದ್ಯ ಅಕ್ಟೋಬರ್ 1 ಮತ್ತು 2ರಂದು ನಡೆಯುವುದಿತ್ತು. ಕಾರನ್ನು ಟ್ರೇಲರ್ ಮೇಲೆ ಹೇರಿ ಫೋರ್ಡ್ ಸ್ಟೇಷನ್ ವ್ಯಾಗನ್‌ನ ಹಿಂದೆ ಎಳೆದೊಯ್ಯುವುದು ಮೂಲ ಯೋಜನೆ. ಆದರೆ ಹೊಸ ಎಂಜಿನ್ ಇನ್ನೂ ಪಳಗಿರಲಿಲ್ಲ. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲು ಒಂದಷ್ಟು ದೂರ ಹದವಾಗಿ ಓಡಿಸಬೇಕೆಂಬುದು ಕಾರು ಬಲ್ಲವರಿಗೆಲ್ಲ ತಿಳಿದ ಮಾತು. ಚಾಲಕನಿಗೂ ಕಾರಿನ ಪರಿಚಯ ಆಗಬೇಕಿತ್ತು. ಪೋರ್ಷೆ ಕಾರ್ಖಾನೆಯಿಂದ ಬಂದಿದ್ದ ಮೆಕ್ಯಾನಿಕ್ ರಾಲ್ಫ್ ವ್ಯೂಟರಿಖ್ ಸಲಹೆಯಂತೆ ಡೀನ್ ಅದನ್ನು ಓಡಿಸಿಕೊಂಡೇ ಹೊರಟ. ವ್ಯೂಟರಿಖ್ ಪಕ್ಕದಲ್ಲಿ ಕುಳಿತ. ಖಾಲಿ ಟ್ರೇಲರ್ ಎಳೆಯುತ್ತಾ ಸ್ಟೇಷನ್ ವ್ಯಾಗನ್ ಹಿಂದೆ ಬಂದಿತು. ತಾಂತ್ರಿಕವಾಗಿ ನೋಡಿದರೆ ಸಲಹೆ ಸರಿಯೇ. ಆದರೆ ಪಂದ್ಯದ ಯಂತ್ರವೊಂದನ್ನು ಪಳಗಿಸಲು ಎಲ್ಲರ ಹೆದ್ದಾರಿಯನ್ನು ಬಳಸುವುದೆಂದರೆ, ತಿಳಿದೋ ತಿಳಿಯದೆಯೋ, ಎದುರು ಬರುವ ಪ್ರತಿಯೊಬ್ಬನನ್ನೂ ಆ ಪ್ರಯೋಗದ ಪಾಲುದಾರನನ್ನಾಗಿ ಮಾಡುವುದು.

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಬೇಕರ್ಸ್‌ಫೀಲ್ಡ್‌ನ ದಕ್ಷಿಣಕ್ಕೆ ಪೊಲೀಸರು ತಡೆದರು. 55 ಮೈಲಿಯ ಮಿತಿಯಿದ್ದಲ್ಲಿ 65 ಮೈಲಿ ವೇಗ. ದಂಡದ ಚೀಟಿ ಕೈಗೆ ಬಂತು. ಹಿಂದೆ ಬರುತ್ತಿದ್ದ ಸ್ಟೇಷನ್ ವ್ಯಾಗನ್ನಿಗೂ ಒಂದು ಚೀಟಿ ಸಿಕ್ಕಿತು. ಬ್ಲ್ಯಾಕ್‌ವೆಲ್ಸ್ ಕಾರ್ನರ್ ಎಂಬಲ್ಲಿ ತುಸು ಹೊತ್ತು ನಿಂತು ತಂಪು ಪಾನೀಯ ಕುಡಿದರು. ಅದೇ ಪಂದ್ಯಕ್ಕೆ ಹೊರಟಿದ್ದ ಪರಿಚಿತರು ಅಲ್ಲಿ ಸಿಕ್ಕರು. ರಾತ್ರಿಯ ಊಟ ಪಾಸೊ ರೋಬಲ್ಸ್‌ನಲ್ಲಿ ಎಂದು ಮಾತಾಯಿತು. ಅಲ್ಲಿಂದ ಪಶ್ಚಿಮಕ್ಕೆ 466ನೇ ಹೆದ್ದಾರಿ ಒಣ ಗುಡ್ಡಗಳ ನಡುವೆ ಸಾಗುತ್ತದೆ.

ಶೋಲೇಮ್ ಎಂಬ ಹಳ್ಳಿಗೆ ತುಸು ಮುಂಚೆ ಆ ಹೆದ್ದಾರಿಗೆ 41ನೇ ಹೆದ್ದಾರಿ ಕೂಡುತ್ತಿತ್ತು. ಕವಲೊಡೆದ ಕೊಂಬೆಯಾಕಾರದ ಕೂಡುರಸ್ತೆ. ಸಂಜೆ ಐದೂ ಮುಕ್ಕಾಲರ ಸುಮಾರು, ಸೂರ್ಯ ಇಳಿಯುತ್ತಿದ್ದ. ಎದುರಿನಿಂದ ಬಂದ ಒಂದು ಫೋರ್ಡ್ ಕಾರು 41ನೇ ಹೆದ್ದಾರಿಗೆ ಹೊರಳಲು ಎಡಕ್ಕೆ ತಿರುಗಿ ಡೀನ್‌ನ ದಾರಿಗೆ ಅಡ್ಡವಾಯಿತು. ಅದನ್ನು ಓಡಿಸುತ್ತಿದ್ದವನು ವಾರಾಂತ್ಯಕ್ಕೆ ಮನೆಗೆ ಹೊರಟಿದ್ದ 23 ವರ್ಷದ ಕಾಲೇಜು ವಿದ್ಯಾರ್ಥಿ. ನೆಲಕ್ಕೆ ಅಂಟಿದಂತಿದ್ದ ಬೆಳ್ಳಿ ಬಣ್ಣದ ಪುಟ್ಟ ಕಾರು ಆ ಮಸುಕು ಬೆಳಕಿನಲ್ಲಿ ರಸ್ತೆಯ ಬಣ್ಣದಲ್ಲೇ ಕರಗಿತ್ತು. ತನ್ನೆದುರು ಬರುತ್ತಿರುವುದು ಪಂದ್ಯದ ಕಾರು ಎಂದು ಅವನಿಗೆ ಯಾವ ಬಾವುಟವೂ ತಿಳಿಸಲಿಲ್ಲ. ಡಿಕ್ಕಿಯ ರಭಸಕ್ಕೆ ಪೋರ್ಷೆ ರಸ್ತೆಯಾಚೆಗೆ ಎಸೆಯಲ್ಪಟ್ಟಿತು. ಪಾಸೊ ರೋಬಲ್ಸ್ ಆಸ್ಪತ್ರೆ ತಲುಪುವಷ್ಟರಲ್ಲಿ ಡೀನ್ ಸತ್ತಿದ್ದ. ವ್ಯೂಟರಿಖ್ ತೀವ್ರ ಗಾಯಗಳೊಂದಿಗೆ ಬದುಕುಳಿದ.

ಆ ಹೊತ್ತಿನ ವೇಗವೆಷ್ಟು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಮೊದಲ ಅಂದಾಜುಗಳು ಗಂಟೆಗೆ 85 ಮೈಲಿ ಎಂದವು. ನಂತರದ ವಿಶ್ಲೇಷಣೆಗಳು ಅದನ್ನು ಬಹಳಷ್ಟು ಇಳಿಸಿವೆ. ಕಡಿಮೆ ವೇಗವೇ ನಿಜವಾದರೆ ಪಾಠ ಇನ್ನೂ ಕಠಿಣವಾಗುತ್ತದೆ. ಪಾಮ್ ಸ್ಪ್ರಿಂಗ್ಸ್‌ನ ಓಡುದಾರಿಯಲ್ಲಿ ಏನೂ ಅಲ್ಲದ ವೇಗ ಈ ಕೂಡುರಸ್ತೆಯಲ್ಲಿ ಪ್ರಾಣ ತೆಗೆಯಿತು. ಅಲ್ಲಿ ಯಾರೂ ಎದುರು ಬರುವಂತಿರಲಿಲ್ಲ, ಯಾರೂ ಎಡಕ್ಕೆ ತಿರುಗುವಂತಿರಲಿಲ್ಲ. ಸ್ಪೀಡೋಮೀಟರಿನ ಮುಳ್ಳೊಂದೇ ಅಪಾಯವನ್ನು ಅಳೆಯಲಾರದು. ಸುತ್ತಲಿನವರಿಗೆ ನಮ್ಮ ಉದ್ದೇಶ ಎಷ್ಟು ಗೊತ್ತಿದೆ ಎಂಬುದೂ ಅಳತೆಗೆ ಸೇರಬೇಕು.

ದಂತಕಥೆಗಳು ಮರೆಯುವ ವ್ಯಕ್ತಿ ಆ ವಿದ್ಯಾರ್ಥಿ. ಅಕ್ಟೋಬರ್‌ನಲ್ಲಿ ನಡೆದ ವಿಚಾರಣೆ ಅವನ ಮೇಲೆ ಯಾವ ಅಪರಾಧವನ್ನೂ ಹೊರಿಸಲಿಲ್ಲ. ಆದರೆ ಜಗತ್ತು ಆರಾಧಿಸಿದ ನಟನೊಬ್ಬನ ಸಾವಿನಲ್ಲಿ ತನ್ನ ಹೆಸರು ಸೇರಿಕೊಂಡ ಭಾರವನ್ನು ಅವನು 1995ರಲ್ಲಿ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳ ಕಾಲ, ಹೊತ್ತ. ಅಪಘಾತದ ಹೊಸದರಲ್ಲಿ ಮಾತಾಡಿದ್ದು ಬಿಟ್ಟರೆ ಪತ್ರಕರ್ತರಿಗೆ ಬಾಯಿ ಬಿಡಲಿಲ್ಲ. ಪಂದ್ಯಕ್ಕೆ ಹೆಸರು ಕೊಡದೆಯೇ ಅದರ ಬೆಲೆ ತೆತ್ತವನು ಅವನು. ವ್ಯೂಟರಿಖ್ 1981ರಲ್ಲಿ ಜರ್ಮನಿಯಲ್ಲಿ ಸತ್ತದ್ದು ಕೂಡ ಹವ್ಯಾಸದ ಟ್ರ್ಯಾಕಿನಲ್ಲಲ್ಲ, ರಸ್ತೆಯ ಅಪಘಾತದಲ್ಲಿ. ನಜ್ಜುಗುಜ್ಜಾದ ಪೋರ್ಷೆಯ ಅವಶೇಷವನ್ನು ರಸ್ತೆ ಸುರಕ್ಷತೆಯ ಪ್ರಚಾರಕ್ಕೆಂದು ಊರೂರಿಗೆ ಒಯ್ದರು. 1960ರಲ್ಲಿ ಅದು ಕಾಣೆಯಾಯಿತೆಂದಾಗ ಶಾಪಗ್ರಸ್ತ ಕಾರಿನ ಕಥೆ ಹಬ್ಬಿತು. ಅದರ ಬಿಡಿಭಾಗಗಳನ್ನು ಬಳಸಿದ ಹವ್ಯಾಸಿ ವೈದ್ಯರೊಬ್ಬರು 1956ರಲ್ಲಿ ಪಮೋನಾದ ಪಂದ್ಯದಲ್ಲಿ ಮರಕ್ಕೆ ಅಪ್ಪಳಿಸಿ ಸತ್ತದ್ದು ಕಥೆಗೆ ಪುಷ್ಟಿ ನೀಡಿತು. ಟ್ರ್ಯಾಕಿನ ಬದಿಯಲ್ಲಿ ಮರ ಯಾಕಿತ್ತು ಎಂದು ಕೇಳುವುದಕ್ಕಿಂತ ಶಾಪವನ್ನು ನಂಬುವುದು ಸುಲಭ.

ಡೀನ್ ಸತ್ತು ಒಂದು ತಿಂಗಳು ತುಂಬುವ ಮುಂಚೆ ‘ರೆಬೆಲ್ ವಿದೌಟ್ ಎ ಕಾಸ್’ ತೆರೆ ಕಂಡಿತು. ಕದ್ದ ಕಾರುಗಳನ್ನು ಹುಡುಗರಿಬ್ಬರು ಪ್ರಪಾತದ ಅಂಚಿಗೆ ಓಡಿಸುವ ದೃಶ್ಯ ಅದರಲ್ಲಿದೆ. ಮೊದಲು ಹಾರಿಕೊಂಡವನು ಹೇಡಿ ಎಂಬುದು ಆಟದ ನಿಯಮ. ಪ್ರೇಕ್ಷಕರು ಆ ದೃಶ್ಯವನ್ನೂ ಹೆದ್ದಾರಿಯ ಸಾವನ್ನೂ ಒಂದು ಮಾಡಿಕೊಂಡರು. ಸಿನಿಮಾದಲ್ಲಿ ಡೀನ್‌ನ ಪಾತ್ರ ಸಮಯಕ್ಕೆ ಸರಿಯಾಗಿ ಹೊರಗೆ ಹಾರಿ ಬದುಕುತ್ತದೆ ಎಂಬುದು ನೆನಪಿನಲ್ಲಿ ಉಳಿಯಲಿಲ್ಲ. ‘ಈಸ್ಟ್ ಆಫ್ ಈಡನ್’ ಮತ್ತು ‘ಜೈಂಟ್’ ಚಿತ್ರಗಳಿಗಾಗಿ ಮರಣೋತ್ತರವಾಗಿ ಎರಡು ಬಾರಿ ಆಸ್ಕರ್‌ಗೆ ನಾಮಕರಣಗೊಂಡ ನಟ ಅವನೊಬ್ಬನೇ. ಸಾವು ಅವನ ವೃತ್ತಿಯ ಭಾಗವೇ ಆಗಿಹೋಯಿತು.

ಹವ್ಯಾಸಿಗಳ ಲೋಕ ಮಾತ್ರ ನಿಧಾನವಾಗಿ ಪಾಠ ಕಲಿಯಿತು. 1956ರಲ್ಲಿ ಪೆಬಲ್ ಬೀಚ್‌ನ ಮರಗಳ ನಡುವಿನ ರಸ್ತೆ ಪಂದ್ಯದಲ್ಲಿ ಅರ್ನಿ ಮೆಕಾಫಿ ಸತ್ತ ಮೇಲೆ ಆ ಪಂದ್ಯ ನಿಂತು, ಮರುವರ್ಷ ಸಮೀಪದಲ್ಲೇ ಲಗುನಾ ಸೆಕಾ ಎಂಬ ಶಾಶ್ವತ ಟ್ರ್ಯಾಕ್ ಬಂದಿತು. ಅದು ಸಲೀನಾಸ್‌ನಿಂದ ಕೂಗಳತೆಯ ದೂರದಲ್ಲಿದೆ. ಇಂದು ಅಂಥ ಟ್ರ್ಯಾಕುಗಳಲ್ಲಿ ಸ್ವಂತ ಕಾರು ತಂದವರಿಗೆಂದೇ ಟ್ರ್ಯಾಕ್ ಡೇಗಳು ನಡೆಯುತ್ತವೆ. ಹೊಸಬನ ಪಕ್ಕದಲ್ಲಿ ಶಿಕ್ಷಕ ಕುಳಿತಿರುತ್ತಾನೆ. ಅನೇಕ ಕಡೆ ಸುತ್ತಿನ ಸಮಯವನ್ನು ಅಳೆಯುವುದೇ ಇಲ್ಲ. ಮುಂದಿನವನು ಕೈಸನ್ನೆ ಮಾಡಿದರೆ ಮಾತ್ರ ಹಿಂದಿನವನು ದಾಟಬೇಕು. ಗೆಲುವು ಸೋಲಿಲ್ಲದ ಇಂಥ ಓಟ ಡೀನ್‌ಗೆ ಸಪ್ಪೆಯೆನಿಸುತ್ತಿತ್ತೇನೋ. ಆದರೆ ಹೊಸ ಕಾರನ್ನೂ ಅದರ ಚಾಲಕನನ್ನೂ ಒಟ್ಟಿಗೆ ಪಳಗಿಸಲು ಸೆಪ್ಟೆಂಬರ್ 30ರಂದು ಅವನಿಗೆ ಬೇಕಾಗಿದ್ದದ್ದು ಇಂಥದ್ದೇ ಒಂದು ದಿನ.

ಈ ಮಾತು ನಮಗೂ ದೂರದ್ದಲ್ಲ. ಮದರಾಸಿನ ಬಳಿಯ ಷೋಲಾವರಂನಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯೇ ದಶಕಗಳ ಕಾಲ ಭಾರತದ ಹವ್ಯಾಸಿಗಳ ಟ್ರ್ಯಾಕ್ ಆಗಿತ್ತು. ಬೆಂಗಳೂರಿನ ಚಾಲಕರೂ ಅಲ್ಲಿಗೆ ಹೋಗುತ್ತಿದ್ದರು. ನಂತರ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರು, ಗ್ರೇಟರ್ ನೋಯ್ಡಾಗಳಲ್ಲಿ ಟ್ರ್ಯಾಕುಗಳು ಬಂದವು. ಆದರೂ ವೇಗದ ಕಾರು, ಬೈಕು ಕೊಂಡ ಬಹುಮಂದಿ ಹೋಗುವುದು ಅಲ್ಲಿಗಲ್ಲ. ನಸುಕಿನ ಖಾಲಿ ಹೆದ್ದಾರಿಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಶೇ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದು ಅದರಲ್ಲಿ ದಾಖಲಾಗಿದೆ. ಖಾಲಿ ಎಂದು ತೋರುವ ರಸ್ತೆ ಎಂದೂ ಪೂರ್ತಿ ಖಾಲಿಯಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಅಡ್ಡದಾರಿಯಿಂದ ಬರುವ ಸೈಕಲ್ಲಿನವನಿಗೆ ಅಲ್ಲಿ ಪಂದ್ಯ ನಡೆಯುತ್ತಿದೆ ಎಂದು ಯಾರೂ ಹೇಳಿರುವುದಿಲ್ಲ.

ಡೀನ್‌ನ ಸಾವಿನಿಂದ ತೆರವಾದ ಒಂದು ಪಾತ್ರ ಇನ್ನೊಬ್ಬ ಯುವ ನಟನಿಗೆ ಸಿಕ್ಕಿತು. ಬಾಕ್ಸರ್ ರಾಕಿ ಗ್ರಾಜಿಯಾನೊ ಜೀವನ ಕುರಿತ 1956ರ ಆ ಚಿತ್ರದಿಂದ ಹೆಸರಾದವರು ಪಾಲ್ ನ್ಯೂಮನ್. ಅವರಿಗೂ ಕಾರಿನ ಹುಚ್ಚು ಹತ್ತಿತು, ಆದರೆ ನಡುವಯಸ್ಸಿನಲ್ಲಿ. 1972ರಲ್ಲಿ, 47ರ ಹರೆಯದಲ್ಲಿ, ಮೊದಲ ಪಂದ್ಯಕ್ಕಿಳಿದರು. ಅದೇ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಹವ್ಯಾಸಿ ವಿಭಾಗದಲ್ಲಿ ನಾಲ್ಕು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು. 1979ರಲ್ಲಿ ಲ ಮಾನ್‌ನ 24 ಗಂಟೆಗಳ ಪಂದ್ಯದಲ್ಲಿ ಅವರ ತಂಡ ಎರಡನೆಯ ಸ್ಥಾನ ಪಡೆಯಿತು, ಓಡಿಸಿದ್ದು ಪೋರ್ಷೆ. 70 ತುಂಬಿದ ಮೇಲೂ ಓಡಿಸಿ, 2008ರಲ್ಲಿ 83ನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ಡೀನ್‌ಗಿಂತ ಅವರು ವೇಗವನ್ನು ಕಡಿಮೆ ಪ್ರೀತಿಸಿದರೆಂದು ಹೇಳಲಾಗದು. ಅದೃಷ್ಟದ ಪಾಲೂ ಇದ್ದೇ ಇದೆ. ಆದರೆ ಆ ಮೂವತ್ತಕ್ಕೂ ಹೆಚ್ಚು ವರ್ಷಗಳ ಪ್ರೀತಿಗೆ ಒಂದು ಬೇಲಿಯಿತ್ತು, ಆ ಬೇಲಿಯೊಳಗೆ ಬಂದವರೆಲ್ಲರೂ ಗೊತ್ತಿದ್ದೇ ಬಂದಿದ್ದರು.

ಶೋಲೇಮ್‌ನ ಆ ಕೂಡುರಸ್ತೆಗೆ ಕ್ಯಾಲಿಫೋರ್ನಿಯಾ ಸರ್ಕಾರ 2005ರಲ್ಲಿ ಜೇಮ್ಸ್ ಡೀನ್ ಹೆಸರಿಟ್ಟಿತು. ಅಭಿಮಾನಿಗಳು ಇಂದಿಗೂ ಅಲ್ಲಿಗೆ ಹೋಗಿ ಹೂವಿಡುತ್ತಾರೆ. ಅಲ್ಲಿ ನಿಲ್ಲುವವರು ನಟನ ಜೊತೆಗೆ, ಆ ಸಂಜೆ ಮನೆಗೆ ಹೊರಟಿದ್ದ ವಿದ್ಯಾರ್ಥಿಯನ್ನೂ ಒಮ್ಮೆ ನೆನೆಯಬೇಕು.